ಬೆಳ್ಳಿ ನೀರು ಹಾಲಾದದ್ದು

ಪೂರ್ವಿಕಾ, ಯಶ್ವಂತ,

ಹೋದ ಸಲ ನೀವು ಮದ್ದೂರಿನಿಂದ ಬಂದಿದ್ದಾಗ ಪೂರ್ವಿಕಾ ಕೇಳಿದಳು, "ಅಜ್ಜಿ, ನೀನು ಕಾಲೇಜಲ್ಲಿ ಬಾಟ್ಲಿ ತೊಳೀತಿದ್ದೆ, ಅಷ್ಟೇ ತಾನೆ?" ನಾನು ನಕ್ಕು ಸುಮ್ಮನಾದೆ. ನನಗೆ ಮಾತು ಬೇಗ ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ನಾಲ್ಕು ಜನ ಕೂತ ಕಡೆಯಿಂದ ಲೋಟ ಎತ್ತಿಡುವ ನೆಪದಲ್ಲಿ ಅಡುಗೆಮನೆಗೆ ಜಾರಿಕೊಳ್ಳುವವಳು ನಾನು. ಹೌದು ಮಗಳೇ, ಬಾಟಲಿ ತೊಳೆಯುತ್ತಿದ್ದೆ. ಆದರೆ ಆ ಬಾಟಲಿಗಳಲ್ಲಿ ಏನಿತ್ತು ಅನ್ನುವುದನ್ನೂ ಹೇಳಬೇಕಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ನೋಡೋಣ ಎಂದು ಕೂತಿದ್ದೇನೆ.

ಕೊರೋನ ಕಳೆದು ಕಾಲೇಜುಗಳು ಮತ್ತೆ ತುಂಬಿಕೊಂಡ ಮರುವರ್ಷದ ಬೇಸಿಗೆ ಅದು. ನಾನಾಗ ಮಂಡ್ಯದ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಟೆಂಡರ್. ನಿಮ್ಮ ತಾತ ಅದೇ ಕಾಲೇಜಿನ ಆಫೀಸಿನಲ್ಲಿದ್ದರು. ಅವರು ಹೋದ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಕೆಲಸ ಕೊಟ್ಟರು. ಬಸರಾಳು ಕಡೆಯ ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವಳಿಗೆ ಮೊದಮೊದಲು ಬೀಕರ್ ಯಾವುದು, ಫ್ಲಾಸ್ಕ್ ಯಾವುದು ಎಂಬುದೇ ತಲೆನೋವು. ಆ ಬೇಸಿಗೆಯ ಹೊತ್ತಿಗೆ ಅವೆಲ್ಲ ನನ್ನ ಮನೆಯ ಪಾತ್ರೆಗಳಷ್ಟೇ ಪರಿಚಯವಾಗಿದ್ದವು.

ನಮ್ಮ ವಿಭಾಗದ ಮಹದೇವ ಸರ್ ಹತ್ತಿರ ಶಿಲ್ಪಾ ಎಂಬ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಳು. ಮಳವಳ್ಳಿ ತಾಲ್ಲೂಕಿನಲ್ಲಿ, ಜಲಪಾತದ ಹತ್ತಿರ ಇರುವ ಬ್ಲಫ್ ಎಂಬ ಊರಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ಗಂಡ ಬ್ಲಫ್‌ನ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ಅವಳು ದಿನಾ ಬಸ್ಸಿನಲ್ಲಿ ಮಂಡ್ಯಕ್ಕೆ ಬರುತ್ತಿದ್ದಳು. ನನ್ನನ್ನು ಜಯಕ್ಕ ಎಂದು ಕರೆಯುತ್ತಿದ್ದಳು.

ಅವಳ ಕೆಲಸದ ಹೆಸರು ಗ್ರೀನ್ ಸಿಂಥೆಸಿಸ್. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಬೇಕು. ಎಷ್ಟು ಸಣ್ಣ ಎಂದರೆ, ನಮ್ಮ ಒಂದು ತಲೆಕೂದಲಿನ ದಪ್ಪದಲ್ಲಿ ಅಂಥ ಸಾವಿರಾರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಅದಕ್ಕೆ ನ್ಯಾನೋಪಾರ್ಟಿಕಲ್ ಎನ್ನುತ್ತಾರೆ. ಸಾಮಾನ್ಯವಾಗಿ ಕಟುವಾದ ರಾಸಾಯನಿಕ ಹಾಕಿ ಮಾಡುತ್ತಾರಂತೆ. ಅದರ ಬದಲು ಗಿಡದ ಎಲೆಯ ಕಷಾಯದಿಂದಲೇ ಮಾಡಿದರೆ ಅದು ಗ್ರೀನ್. ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಆ ನೀರು ಶುದ್ಧ ಮಳೆನೀರಿನ ಹಾಗೆ ತಿಳಿಯಾಗಿರುತ್ತದೆ. ನಾನು ಅದನ್ನು ಬೆಳ್ಳಿ ನೀರು ಎನ್ನುತ್ತಿದ್ದೆ. ಅದಕ್ಕೆ ಎಲೆಯ ಕಷಾಯ ಬೆರೆಸಿದರೆ ನೋಡನೋಡುತ್ತ ಹಳದಿಯಾಗಿ, ಕಂದಾಗಿ ನಿಲ್ಲುತ್ತದೆ. ಕಂದು ಬಂತೆಂದರೆ ಕಣ ಹುಟ್ಟಿತೆಂದು ಅರ್ಥ.

ಆ ಬೆಳ್ಳಿ ನೀರು ಬೆರಳಿಗೆ ತಾಗಿದರೆ ಕಪ್ಪು ಕಲೆ ವಾರವಾದರೂ ಹೋಗದು. ಗ್ಲೌಸ್ ಹಾಕಿದರೂ ಹೇಗೋ ಒಂದು ಹನಿ ತಾಗಿಬಿಡುತ್ತಿತ್ತು. ನಮ್ಮ ಬೀದಿಯ ಹೆಂಗಸರು ನನ್ನ ಬೆರಳು ನೋಡಿ, "ಏನ್ ಜಯಮ್ಮ, ಓಟಾಕಿ ಬಂದ್ಯಾ? ಎಲೆಕ್ಷನ್ ಯಾವತ್ತಿತ್ತು?" ಎಂದು ಕಾಡುತ್ತಿದ್ದರು.

ಆ ಕಣಗಳಿಂದ ಶಿಲ್ಪಾ ಎರಡು ಪರೀಕ್ಷೆ ಮಾಡಬೇಕಿತ್ತು. ಒಂದು, ಬಣ್ಣದ ಕೊಳಕು ನೀರನ್ನು ಅವು ಬೇಗ ತಿಳಿ ಮಾಡುತ್ತವೆಯೇ ಎಂದು ನೋಡುವುದು. ತಾನು ಖರ್ಚಾಗದೆ ಬೇರೆಯವುಗಳ ಕೆಲಸ ಬೇಗ ಮಾಡಿಸುವ ವಸ್ತುವಿಗೆ ಕ್ಯಾಟಲಿಸ್ಟ್ ಎನ್ನುತ್ತಾರೆ. ಇನ್ನೊಂದು, ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಈ ಕಣ ಹಾಕಿದರೆ ಅವು ಬೆಳೆಯುವುದು ನಿಲ್ಲುತ್ತದೆಯೇ ಎಂದು ನೋಡುವುದು. ಇದು ನಮ್ಮಲ್ಲಿ ಆಗದು. ಮೈಸೂರಿನ ಒಂದು ಲ್ಯಾಬಿನವರು ಮಾಡಿಕೊಡಲು ಒಪ್ಪಿ, ಆ ಬೇಸಿಗೆಯ ಒಂದು ಶುಕ್ರವಾರ ಕಣಗಳ ಪುಡಿ ತಂದುಕೊಡಿ ಎಂದು ದಿನ ಗೊತ್ತು ಮಾಡಿದ್ದರು.

ಶಿಲ್ಪಾ ಆರಿಸಿಕೊಂಡಿದ್ದು ಗಣಿಕೆ ಸೊಪ್ಪು. ನೀವು ಅದರ ಕಪ್ಪು ಹಣ್ಣು ಕಿತ್ತು ತಿಂದು ನಾಲಗೆ ನೀಲಿ ಮಾಡಿಕೊಳ್ಳುತ್ತೀರಲ್ಲ, ಅದೇ. ಅವಳ ಅತ್ತೆ ಮನೆಯ ಗದ್ದೆ ಬದುವಿನಲ್ಲಿ ಅದು ದಂಡಿಯಾಗಿ ಬೆಳೆಯುತ್ತಿತ್ತು. ಬಸ್ಸಿನಲ್ಲಿ ತರುವಷ್ಟರಲ್ಲಿ ಎಲೆ ಬಾಡಿ ಫಲಿತಾಂಶ ಒಂದೊಂದು ದಿನ ಒಂದೊಂದು ಥರ ಬರುತ್ತಿತ್ತು. ಹಾಗಾಗಿ ಅವಳ ಮನೆಯಲ್ಲೇ ಕಷಾಯ ಮಾಡಿ ತರಲು ಸರ್ ಹೇಳಿದ್ದರು. ನಾವು ಕ್ಯಾನಿನಲ್ಲಿ ಕೊಡುವ, ಆವಿಯಿಂದ ಇಳಿಸಿದ ಶುದ್ಧವಾದ ಡಿಸ್ಟಿಲ್ಡ್ ನೀರಿನಲ್ಲಿ, ಹತ್ತು ಗ್ರಾಂ ಎಲೆಗೆ ನೂರು ಎಂ.ಎಲ್. ಲೆಕ್ಕದಲ್ಲಿ ಕುದಿಸಿ, ಸೋಸಿ, ಐಸ್ ಡಬ್ಬಿಯಲ್ಲಿಟ್ಟು ತರುವುದು. ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆದು, ಪ್ರತಿ ಸಲವೂ ಕಂದು ಬಂದಿತ್ತು.

ಅಷ್ಟರಲ್ಲಿ ಶಿಲ್ಪಾ ಬಸುರಿಯಾದಳು. ಐದು ತಿಂಗಳಾದರೂ ಸೊಪ್ಪು ಬೇಯುವ ವಾಸನೆ ಮೂಗಿಗೆ ಬಿದ್ದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಈಚೆಗೆ. ಅವಳ ಅತ್ತೆ ಸಾಕಮ್ಮ, "ನೀ ಆಚ್ಗೋಗಿ ಗಾಳೀಲಿ ಕೂತ್ಕ, ಸೊಪ್ಪು ಬೇಯ್ಸಾದು ನಂಗ್ ಬರಕಿಲ್ವಾ" ಎಂದು ಆ ಕೆಲಸವನ್ನು ತಾವೇ ವಹಿಸಿಕೊಂಡರು. ಶಿಲ್ಪಾ ಎಲೆ ತೂಗಿ, ನೀರು ಅಳೆದು ಕೊಟ್ಟು, ಜಗಲಿಯಲ್ಲಿ ನಿಂಬೆಹಣ್ಣು ಮೂಸುತ್ತ ಕೂರುತ್ತಿದ್ದಳು. ಒಳಗೆ ಅತ್ತೆ ಕುದಿಸಿ ಸೋಸುತ್ತಿದ್ದರು.

ಆ ಕಷಾಯ ಮೊದಲ ಸಲ ಬೆರೆಸಿದ ದಿನ ನಾನು ಪಕ್ಕದಲ್ಲೇ ಇದ್ದೆ. ಬೆಳ್ಳಿ ನೀರು ಕಂದಾಗಲಿಲ್ಲ, ಹಾಲಾಯಿತು. ಬೆಳ್ಳಗೆ ಮೊಸರೊಡೆದಂತೆ ತಳಕ್ಕೆ ಇಳಿಯಿತು.

"ಜಯಕ್ಕ, ಇದು ಕ್ಲೋರೈಡ್," ಎಂದಳು ಶಿಲ್ಪಾ. ಮುಖ ಬಾಡಿಹೋಯಿತು.

ಕ್ಲೋರೈಡ್ ಎಂಬುದು ನಾವು ತಿನ್ನುವ ಉಪ್ಪಿನಲ್ಲಿರುವ ಅಂಶ. ಬೆಳ್ಳಿ ನೀರಿಗೆ ಅದು ಸೇರಿದರೆ ತಕ್ಷಣ ಬಿಳಿ ಗಸಿ. ನಲ್ಲಿ ನೀರಿನಲ್ಲೂ, ಬೋರ್‌ವೆಲ್ ನೀರಿನಲ್ಲೂ ಅದು ಇರುತ್ತದೆ. ಅದಕ್ಕೇ ನಾನು ಎಲ್ಲ ಗಾಜನ್ನೂ ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸುತ್ತಿದ್ದೆ. ಆದರೂ ಯಾರೂ ಏನೂ ಅನ್ನುವ ಮೊದಲೇ ಎಲ್ಲ ಗಾಜನ್ನೂ ಇನ್ನೊಂದು ಸಲ ತೊಳೆದಿಟ್ಟೆ. ಮಾರನೆಯ ದಿನವೂ ಹಾಲು. ಅದರ ಮಾರನೆಯ ದಿನವೂ.

ಮಹದೇವ ಸರ್ ಕೂಗಾಡುವವರಲ್ಲ. ಒಂದೊಂದನ್ನೇ ಹಿಡಿದು ನೋಡಿದರು. ಡಿಸ್ಟಿಲ್ಡ್ ನೀರಿಗೆ ಬೆಳ್ಳಿ ನೀರಿನ ಹನಿ ಬಿಟ್ಟರೆ ತಿಳಿ. ನಾನು ತೊಳೆದ ಬೀಕರಿನಲ್ಲೂ ತಿಳಿ. ನನಗೆ ಹೋದ ಜೀವ ಬಂದಂತಾಯಿತು. ಹೊಸ ಬಾಟಲಿಯ ಸಿಲ್ವರ್ ನೈಟ್ರೇಟಿನಲ್ಲೂ ಅದೇ ಹಾಲು. ಹಾಗಾದರೆ ತೊಂದರೆ ಇರುವುದು ಕಷಾಯದಲ್ಲೇ.

"ಜಯಮ್ಮ, ಭಾನುವಾರ ಶಿಲ್ಪಾ ಊರಿಗೆ ಹೋಗಿಬರ್ತೀರಾ?" ಎಂದು ಕೇಳಿದರು. "ಅಲ್ಲಿ ಹೇಗೆ ಮಾಡ್ತಾರೆ ನೋಡಿ. ಗದ್ದೆಗೆ ಬಿಡೋ ನೀರು ಒಂದು ಬಾಟ್ಲಿ ತನ್ನಿ. ಆ ಹುಡುಗಿ ಕೈಲಿ ಭಾರ ಹೊರಿಸಬೇಡಿ."

ಹೋದೆ. ಸಾಕಮ್ಮ ನನಗಿಂತ ಸ್ವಲ್ಪ ದೊಡ್ಡವರು. ಗಟ್ಟಿ ದನಿ, ಗಟ್ಟಿ ಕೈ. ಬಾಗಿಲಲ್ಲೇ, "ಬಾ ತಂಗಿ, ನಮ್ ಸಿಲ್ಪ ದಿನಾ ನಿಂದೇ ಮಾತಾಡ್ತಳೆ. ಇಷ್ಟೇನಾ ನೀನು? ಗಾಳಿಗೆ ಆರೋಗ್ಬುಡ್ತೀಯಲ್ಲ!" ಎಂದರು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಟ್ಟರು. ಅವರು ಕೆಲಸ ಮಾಡುವಷ್ಟು ಹೊತ್ತೂ ಕಣ್ಣು ಕೀಳದೆ ನೋಡಿದೆ. ಮಾತಿನ ನಡುವೆ ಬದುವಿನ ಸೊಪ್ಪಿನ ಹಿರಿಮೆ, ಸೊಸೆಯ ಹಿರಿಮೆ, ಮಗನ ಸೋಮಾರಿತನ ಎಲ್ಲವೂ ಬಂದುಹೋದವು.

ಸೋಮವಾರ ಸರ್‌ಗೆ ವರದಿ ಒಪ್ಪಿಸಿದೆ. "ಎಳೆ ಎಲೆ ಕಿತ್ತರು ಸಾರ್. ನಮ್ಮ ನೀರಲ್ಲೇ ತೊಳೆದರು. ಹೆಚ್ಚಿದರು. ನಮ್ಮ ನೀರಲ್ಲೇ ಕುದಿಸಿದರು. ಆರಿಸಿ ಬಿಳಿ ಬಟ್ಟೆಯಲ್ಲಿ ಸೋಸಿದರು. ಬೇರೆ ಏನೂ ಇಲ್ಲ."

ಸರ್ ನಾನು ತಂದಿದ್ದ ಗದ್ದೆಯ ನೀರಿಗೆ ಬೆಳ್ಳಿ ನೀರಿನ ಒಂದು ಹನಿ ಬಿಟ್ಟರು. ಬೆಳ್ಳಗಾಯಿತು. ಆ ಬೇಸಿಗೆ ನಾಲೆ ನಿಂತಿದ್ದರಿಂದ ಹೊಸದಾಗಿ ಕೊರೆಸಿದ ಬೋರ್‌ವೆಲ್‌ನಿಂದ ಹಾಯಿಸುತ್ತಿದ್ದರು. "ಸಿಕ್ಕಿತು," ಎಂದರು ಸರ್. "ಗಿಡ ಈ ನೀರು ಕುಡಿದು ಎಲೆಯಲ್ಲೇ ಕ್ಲೋರೈಡ್ ತುಂಬಿಕೊಂಡಿದೆ. ಶಿಲ್ಪಾ, ಬೇರೆ ಕಡೆಯ ಗಿಡ ಹುಡುಕಬೇಕಮ್ಮ."

ಈ ಮಾತಿನ ಅರ್ಥ ನಿಮಗೆ ಆಗಬೇಕು. ಬೇರೆ ಗಿಡ ಎಂದರೆ ಹಿಂದಿನ ಎಲ್ಲ ಫಲಿತಾಂಶಕ್ಕೂ ಇನ್ನು ಮುಂದಿನದಕ್ಕೂ ಹೋಲಿಕೆ ತಪ್ಪುತ್ತದೆ. ಮೊದಲಿನಿಂದ ಮಾಡಬೇಕು. ಆ ವಾರದ ಶುಕ್ರವಾರಕ್ಕೇ ಇದ್ದ ಮೈಸೂರಿನ ಸರದಿ ತಪ್ಪಿದರೆ ಮತ್ತೆ ಸಿಗುವಷ್ಟರಲ್ಲಿ ಹೆರಿಗೆಯ ಕಾಲ ಬರುತ್ತದೆ. ಮಗು ಕೈಗೆ ಬಂದ ಮೇಲೆ ಅವಳ ಪಿಎಚ್.ಡಿ. ನೋಂದಣಿಯ ಅವಧಿಯೂ ಮುಗಿಯುತ್ತದೆ. ಶಿಲ್ಪಾ ಸಿಂಕಿನ ಹತ್ತಿರ ಹೋಗಿ ಮುಖ ತೊಳೆದಳು, ಮತ್ತೆ ತೊಳೆದಳು. ನಾನು ನಲ್ಲಿ ನಿಲ್ಲಿಸಿ ಟವೆಲ್ ಕೊಟ್ಟೆ. ನನಗೆ ತೋಚಿದ್ದು ಅಷ್ಟೇ.

ಮಂಗಳವಾರ ಲ್ಯಾಬಿನ ಬಾಗಿಲಲ್ಲಿ ಗಟ್ಟಿ ದನಿ ಕೇಳಿಸಿತು.

"ಇಲ್ಲಿ ಮಾದೇವ ಸಾರು ಅಂದ್ರೆ ಯಾರಪ್ಪ?"

ಸಾಕಮ್ಮ! ಕಂಕುಳಲ್ಲಿ ಒದ್ದೆ ಬಟ್ಟೆ ಮುಚ್ಚಿದ ಮಂಕರಿ, ಕೈಯಲ್ಲಿ ದೊಡ್ಡ ಟಿಫನ್ ಕ್ಯಾರಿಯರ್. ಹಿಂದೆ ಶಿಲ್ಪಾ, "ಅತ್ತೆ, ಬ್ಯಾಡಿ ಅತ್ತೆ, ಬನ್ನಿ," ಎಂದು ಸೆರಗು ಎಳೆಯುತ್ತಿದ್ದಾಳೆ.

"ನಾನೇ ಕಣಮ್ಮ," ಎಂದು ಸರ್ ಎದ್ದು ನಿಂತರು. "ಬನ್ನಿ, ಕೂತ್ಕೊಳ್ಳಿ."

"ಕೂತ್ಕಳಕೆ ಬಂದಿಲ್ಲ ಸಾ. ನಮ್ ಬದೀನ ಸೊಪ್ಪು ಕೆಟ್ಟೋಗದೆ ಅಂದ್ರಂತೆ. ರಾತ್ರಿಯಿಂದ ಈ ಮಗ ಮುದ್ದೆ ಮುಟ್ಟಿಲ್ಲ. ನಮ್ಮತ್ತೆ ಕಾಲ್ದಿಂದ ಅದೇ ಸೊಪ್ಪ ಉಣ್ತಾ ಇವ್ನಿ. ಇವತ್ತಿನ್ಗಂಟ ನಮ್ಮಟ್ಟೀಲಿ ಒಬ್ರು ತಟ್ಟೆ ತಳ್ಳಿಲ್ಲ. ಏನ್ ಕುಂದ್ ಕಂಡ್ರಿ ಅದ್ರಲ್ಲಿ?"

"ಸೊಪ್ಪು ಕೆಟ್ಟಿಲ್ಲಮ್ಮ. ನಿಮ್ಮ ಬೋರ್‌ವೆಲ್ ನೀರಿಂದ ಅದರಲ್ಲಿ ಉಪ್ಪಿನಂಶ ಸೇರ್ಕೊಂಡಿದೆ, ಅಷ್ಟೇ."

ಸಾಕಮ್ಮ ಮಂಕರಿಯನ್ನು ಮೇಜಿನ ಮೇಲೆ ಇಟ್ಟರು. "ಉಪ್ಪಾ? ಬೋರ್ ನೀರಿಂದ ಯಾಕ್ ಸೇರದು ಸಾ? ಉಪ್ಪ ನಾನೇ ಆಕಿದ್ನಲ್ಲ!"

ಶಿಲ್ಪಾ ಹಿಡಿದಿದ್ದ ಸೆರಗನ್ನು ಬಿಟ್ಟಳು.

"ಜಾಸ್ತಿ ಏನ್ ಆಕಿಲ್ಲ," ಎಂದು ಅವರೇ ಮುಂದುವರಿಸಿದರು. "ಹದವಾಗೇ ಆಕಿವ್ನಿ. ಬೇಕಾದ್ರೆ ರುಚಿ ನೋಡಿ."

"ಅತ್ತೆ," ಎಂದಳು ಶಿಲ್ಪಾ, "ಉಪ್ಪಾಕಿದ್ರಾ?"

"ಆಕ್ದೆ ಇನ್ನೇನೆ? ನೀನೇ ಅಲ್ವಾ ಕ್ಯಾನ್ಸರ್‌ಗೆ ಅಂತ ಅಂದಿದ್ದು? ಪಾಪ, ರೋಗಸ್ತರು ಕುಡಿಯಾದು. ಸಪ್ಪೆ ಸೊಪ್ಪಿನ ಕಟ್ಟು ಒಳಿಕ್ ಇಳ್ದದಾ? ನಾಲ್ಗೆ ಮೊದ್ಲೇ ಕೆಟ್ಟಿರ್ತದೆ ಅವ್ರಿಗೆ."

ಮಹದೇವ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದು ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಅವರ ಭುಜ ಅಲುಗತೊಡಗಿತು. ನಗು! ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಿಲ್ಪಾ ಅಳಲು ಶುರುಮಾಡಿ ನಡುವೆಯೇ ನಗುವಿಗೆ ತಿರುಗಿದಳು. ಸಾಕಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, "ಏನಾಗದೆ ಇವ್ಕೆ?" ಎಂದು ನನ್ನನ್ನು ಕೇಳಿದರು.

ಆಗ ಭಾನುವಾರದ ಒಲೆ ನನ್ನ ಕಣ್ಣ ಮುಂದೆ ಬಂತು. ನೀರು ಮರಳಿತು. ಸಾಕಮ್ಮನ ಕೈ ಒಲೆ ಪಕ್ಕದ ಉಪ್ಪಿನ ಜಾಡಿಗೆ ಹೋಯಿತು, ಬಂತು, ಪಾತ್ರೆಯ ಮೇಲೆ ಬೆರಳು ಉಜ್ಜಿತು. ಅಷ್ಟೂ ನನ್ನ ಎದುರಿಗೇ ನಡೆದಿತ್ತು. ಆದರೂ ಅದು ನನಗೆ ಕಂಡಿರಲಿಲ್ಲ. ಸೊಪ್ಪು ಬೇಯಿಸಿದ ಕಟ್ಟಿಗೆ ಉಪ್ಪು ಹಾಕಿ ಮುದ್ದೆಯ ಜೊತೆ ಉಣ್ಣುವ ಉಪ್ಸಾರಿನ ಸೀಮೆಯಲ್ಲಿ ಹುಟ್ಟಿದವಳು ನಾನು. ಸೊಪ್ಪು ಕುದಿಯುವಾಗ ಉಪ್ಪು ಬೀಳುವುದು ನಮಗೆ ಒಂದು ಕೆಲಸವೇ ಅಲ್ಲ, ಉಸಿರಾಡಿದ ಹಾಗೆ. ಆ ಒಲೆಯ ಮುಂದೆ ನಾನಿದ್ದಿದ್ದರೆ ನನ್ನ ಕೈಯೂ ಅಲ್ಲಿಗೇ ಹೋಗುತ್ತಿತ್ತು. ಶಿಲ್ಪಾ ಮಾಡುವಾಗ ಮಾತ್ರ ಅವಳಿಗೆ ಅದು ಎಕ್ಸ್‌ಟ್ರಾಕ್ಟ್, ಅಂದರೆ ಪ್ರಯೋಗದ ಕಷಾಯ ಆಗಿತ್ತು. ಅತ್ತೆಗೆ ಅದು ಸೊಪ್ಪು. ಅಳತೆ, ನೀರು, ಬಟ್ಟೆ ಎಲ್ಲವನ್ನೂ ಹೇಳಿಕೊಟ್ಟ ಹುಡುಗಿಗೆ, ಉಪ್ಪು ಹಾಕಬೇಡಿ ಎಂದು ಹೇಳಬೇಕೆಂದು ಹೊಳೆದೇ ಇರಲಿಲ್ಲ.

"ಸಾರ್," ಎಂದೆ. ಆ ಲ್ಯಾಬಿನಲ್ಲಿ ನಾನಾಗಿ ಬಾಯಿ ತೆರೆದದ್ದು ಅಪರೂಪ. "ನಾನೂ ನೋಡಿದೆ ಸಾರ್. ನೋಡಿಯೂ ಹೇಳಲಿಲ್ಲ. ಅದು ಹೇಳುವ ವಿಷಯ ಅಂತಲೇ ಅನ್ನಿಸಲಿಲ್ಲ."

"ನಾನೂ ಮಂಡ್ಯದವನೇ ಜಯಮ್ಮ," ಎಂದರು ಸರ್, ಕಣ್ಣು ಒರೆಸಿಕೊಳ್ಳುತ್ತ. "ಉಪ್ಪು ಹಾಕಿದ್ರಾ ಅಂತ ನಾನಾದರೂ ಕೇಳಿದ್ನಾ? ನೆಲದೊಳಗಿನ ನೀರಿನವರೆಗೂ ಹೋದೆ, ಒಲೆ ಪಕ್ಕದ ಜಾಡಿ ಬಿಟ್ಟು!"

ಸಾಕಮ್ಮನಿಗೆ ತೋರಿಸಲೆಂದು ಒಂದು ಬೀಕರ್ ಡಿಸ್ಟಿಲ್ಡ್ ನೀರಿಗೆ ನಾಲ್ಕು ಹರಳು ಉಪ್ಪು ಹಾಕಿ ಬೆಳ್ಳಿ ನೀರು ಬಿಟ್ಟರು.

"ಅಯ್ಯೋ ಸಿವ್ನೇ, ಮಜ್ಗೆ ಆಗೋಯ್ತಲ್ಲ!" ಎಂದರು ಸಾಕಮ್ಮ. ಆಮೇಲೆ ಸೊಸೆಯ ಕಡೆ ತಿರುಗಿದರು. ದನಿ ಮೊದಲ ಸಲ ತಗ್ಗಿತ್ತು. "ಅಂಗಾರೆ ನಿನ್ ಕೆಲ್ಸ ಕೆಡ್ಸಿದ್ದು ನಾನೇನವ್ವ?"

"ಇಲ್ಲ ಬುಡಿ ಅತ್ತೆ. ನೀವು ಇವತ್ತು ಬರದೆ ಇದ್ದಿದ್ರೆ ಕೆಡ್ತಿತ್ತು."

ಮಂಕರಿಯಲ್ಲಿ ಬೆಳಿಗ್ಗೆ ಕಿತ್ತ ಸೊಪ್ಪಿತ್ತು. ಒದ್ದೆ ಬಟ್ಟೆಯಿಂದಾಗಿ ಒಂದು ಎಲೆಯೂ ಬಾಡಿರಲಿಲ್ಲ. ಈಗಲೇ ಇಲ್ಲೇ ಮಾಡಿ ನೋಡೋಣ ಎಂದರು ಸರ್. ನಾನು ಗಾಜು ಸಿದ್ಧ ಮಾಡಿದೆ. ಎಲೆ ಬಿಡಿಸುವ ಕೆಲಸವನ್ನು ಸಾಕಮ್ಮ ಯಾರಿಗೂ ಬಿಡಲಿಲ್ಲ. ಹಾಟ್ ಪ್ಲೇಟ್ ನೋಡಿ, "ಉರೀನೇ ಇಲ್ವಲ್ಲ, ಇದೆಂಥ ಒಲೆ?" ಎಂದು ಕೈ ಮುಟ್ಟಲು ಹೋದವರನ್ನು ನಾನು ಹಿಡಿದುಕೊಂಡೆ. ಶಿಲ್ಪಾ ಕಿಟಕಿಯ ಹತ್ತಿರ ನಿಂಬೆಹಣ್ಣು ಹಿಡಿದು ನಿಂತಳು.

ಬೀಕರಿನಲ್ಲಿ ನೀರು ಮರಳತೊಡಗಿದ ಕೂಡಲೇ ಸಾಕಮ್ಮನ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹುಡುಕಿತು.

"ಅತ್ತೇ!" ಎಂದು ಕೂಗಿದಳು ಶಿಲ್ಪಾ.

"ಏನ್ಮಾಡ್ಲವ್ವ, ನಾ ಬ್ಯಾಡ ಅಂತೀನಿ, ಈ ಕೈ ಕೇಳಕಿಲ್ಲ." ಕೊನೆಗೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತರು.

ಸೋಸಿ, ಆರಿಸಿ, ಬೆಳ್ಳಿ ನೀರಿಗೆ ಬೆರೆಸಿದೆವು. ಮೊದಲು ಏನೂ ಆಗಲಿಲ್ಲ. ಹಾಲಂತೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಸಂಪಿಗೆಯಂತೆ ಹಳದಿ ಇಣುಕಿತು. ಆಮೇಲೆ ಜೇನುತುಪ್ಪ. ಆಮೇಲೆ ನಿಧಾನವಾಗಿ, ಹುರಿದ ಹುರುಳಿಯ ಕಂದು. ಸರ್ ಅದರಿಂದ ಒಂದಿಷ್ಟು ತೆಗೆದು ಯು.ವಿ. ಯಂತ್ರದಲ್ಲಿಟ್ಟರು. ಕಣ ಇದ್ದರೆ ಅದರ ಪರದೆಯ ಮೇಲೆ ಗೆರೆ ಒಂದು ಕಡೆ ದಿಬ್ಬದಂತೆ ಏಳುತ್ತದೆ. ದಿಬ್ಬ ಎದ್ದಿತು, ಹಿಂದೆ ಏಳುತ್ತಿದ್ದ ಜಾಗದಲ್ಲೇ.

"ಬಂತು," ಎಂದರು ಸರ್.

ಶಿಲ್ಪಾ ಅತ್ತೆಯನ್ನು ತಬ್ಬಿಕೊಂಡಳು. ಸಾಕಮ್ಮ, "ವಸಿ ಮೆಲ್ಲಗೆ ಕಣೆ, ಒಟ್ಟೇಲಿ ಮಗ ಅದೆ," ಎನ್ನುತ್ತ ತಾವೇ ಬಿಗಿಯಾಗಿ ಹಿಡಿದುಕೊಂಡರು.

ಆ ಖುಷಿಗೆ ಸರ್ ಇನ್ನೊಂದು ಪರೀಕ್ಷೆಯನ್ನೂ ತೋರಿಸಿದರು. ಮೆಥಿಲೀನ್ ಬ್ಲೂ ಎಂಬ ಕಡುನೀಲಿ ಬಣ್ಣದ ನೀರಿಗೆ, ಬಣ್ಣ ಕಳೆಯುವ ಒಂದು ರಾಸಾಯನಿಕ ಹಾಕಿದರು. ನೀಲಿ ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ನಮ್ಮ ಕಂದು ನೀರಿನ ಕೆಲವು ಹನಿ ಬಿಟ್ಟರು. ನೀಲಿ ತೆಳುವಾಯಿತು, ಇನ್ನೂ ತೆಳುವಾಯಿತು, ಕೊನೆಗೆ ನೀರೇ ನೀರು. ಇದೇ ಕ್ಯಾಟಲಿಸ್ಟಿನ ಕೆಲಸ. ಸಾಕಮ್ಮ ಬೀಕರಿನ ಹಿಂದೆ, ಕೆಳಗೆ ಎಲ್ಲ ಬಗ್ಗಿ ನೋಡಿ, "ಎಲ್ಲೋಯ್ತ್ ಸಾ ಆ ನೀಲಿ? ನನ್ ಮಗನ ಪ್ಯಾಂಟ್ಗೆ ಗ್ರೀಸ್ ಮೆತ್ಕಂಡದೆ, ಅದಕ್ಕೂ ಆದದಾ?" ಎಂದು ಕೇಳಿದರು.

ಮಧ್ಯಾಹ್ನ ಟಿಫನ್ ಕ್ಯಾರಿಯರ್ ಬಿಚ್ಚಿದರು. ಮುದ್ದೆ, ಗಣಿಕೆ ಸೊಪ್ಪಿನ ಉಪ್ಸಾರು, ಖಾರ. ಲ್ಯಾಬಿನೊಳಗೆ ತಿನ್ನಬಾರದೆಂಬ ನಿಯಮ ಇರುವುದರಿಂದ ಹೊರಗಿನ ಮೆಟ್ಟಿಲ ಮೇಲೆ ಕೂತು ಉಂಡೆವು. "ಇದ್ಕೂ ಉಪ್ಪಾಕಿವ್ನಿ, ಇದು ಮಜ್ಗೆ ಆಗಕಿಲ್ಲ ತಾನೆ?" ಎಂದು ಸಾಕಮ್ಮ ಸರ್‌ಗೆ ಬಡಿಸಿದರು. ಸರ್ ಎರಡನೇ ಸಲ ಹಾಕಿಸಿಕೊಂಡರು. ನಾನು ಕೂಡ, ಯಾವ ಲೋಟವನ್ನೂ ಎತ್ತಿಡಲು ಹೋಗದೆ, ಕೊನೆಯವರೆಗೂ ಅವರ ನಡುವೆಯೇ ಕೂತಿದ್ದೆ.

ಬುಧವಾರ, ಗುರುವಾರ ನಮಗೆ ಬಿಡುವಿಲ್ಲ. ಕಂದು ನೀರನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳಕ್ಕೆ ಕೂತದ್ದನ್ನು ತೊಳೆದು ಒಣಗಿಸಿದರೆ ಚಿಟಿಕೆಯಷ್ಟು ಕಪ್ಪು ಪುಡಿ. ಶುಕ್ರವಾರ ಬೆಳಿಗ್ಗೆಯ ರೈಲಿನಲ್ಲಿ ನಾನೂ ಶಿಲ್ಪಾಳೂ ಮೈಸೂರಿಗೆ ಹೋಗಿ ಕೊಟ್ಟುಬಂದೆವು. ಡಬ್ಬಿ ಅವಳ ಮಡಿಲಲ್ಲಿತ್ತು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಮಗು ಒದ್ದಿತು ಎಂದು ನನ್ನ ಕೈ ತೆಗೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳು ಕಡಿಮೆಯಾಗಿದ್ದವು. ನಾನು ಕಾಯಿಲೆಗೆ ಮದ್ದೇ ಸಿಕ್ಕಿತೆಂದು ಕೈ ಮುಗಿದೆ. ಸರ್ ತಿದ್ದಿದರು. "ತಟ್ಟೆ ಬೇರೆ, ಮನುಷ್ಯ ಬೇರೆ ಜಯಮ್ಮ. ಒಳ್ಳೆಯ ಕೋಶಗಳಿಗೆ ಏನು ಮಾಡುತ್ತೋ ನೋಡಬೇಕು. ಇನ್ನೂ ಎಷ್ಟೋ ಜನ, ಎಷ್ಟೋ ವರ್ಷ ಕೆಲಸ ಮಾಡಬೇಕು. ನಾವು ಒಂದು ಮೆಟ್ಟಿಲು ಕಟ್ಟಿದ್ದೇವೆ, ಅಷ್ಟೇ." ನೀವೂ ಯಾರಿಗಾದರೂ ಹೇಳುವಾಗ ಇಷ್ಟೇ ಹೇಳಿ, ಹೆಚ್ಚು ಹೇಳಬೇಡಿ.

ಶಿಲ್ಪಾಗೆ ಹೆಣ್ಣು ಮಗುವಾಯಿತು. ಅವಧಿಯೊಳಗೇ ಪ್ರಬಂಧ ಒಪ್ಪಿಸಿದಳು. ಎಲ್ಲರ ಎದುರಿಗೆ ನಡೆಯುವ ಕೊನೆಯ ಮೌಖಿಕ ಪರೀಕ್ಷೆಯ ದಿನ ಸಾಕಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವುತ್ತ ಕೇಳಿದರು, "ವಿಧಾನದಲ್ಲಿ 'ಯಾವ ಹಂತದಲ್ಲೂ ಅಡುಗೆ ಉಪ್ಪು ಸೇರಿಸಬಾರದು' ಎಂದು ಬರೆದಿದ್ದೀರಿ. ಇಂಥ ವಾಕ್ಯ ನಾನು ಎಲ್ಲೂ ನೋಡಿಲ್ಲ. ಯಾರಮ್ಮ ಉಪ್ಪು ಹಾಕುತ್ತಾರೆ?"

ಶಿಲ್ಪಾ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಉತ್ತರ ಬಂತು. "ನಾನೇ ಕಣ್ ಸಾ!"

ಇಡೀ ಸಭೆ ನಕ್ಕಿತು. ಪರೀಕ್ಷಕರು ಕಾರಣ ಕೇಳಿ ತಿಳಿದು, ಆ ವಾಕ್ಯವನ್ನು ತೆಗೆಯಬೇಡಿ, ಹಾಗೇ ಇರಲಿ ಎಂದರು.

ಮಕ್ಕಳೇ, ಆ ಕೆಲಸ ನನಗೆ ಕಲಿಸಿದ್ದು ಇದನ್ನು. ಗೊತ್ತಿಲ್ಲದ್ದನ್ನು ಜನ ಕೇಳುತ್ತಾರೆ, ಕಷ್ಟವಾದದ್ದನ್ನು ವಿವರಿಸಿ ಹೇಳುತ್ತಾರೆ. ತೀರ ಗೊತ್ತಿರುವುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಎಷ್ಟೋ ಸಲ ತೊಂದರೆ ಅಡಗಿ ಕೂರುವುದು ಅಲ್ಲೇ. ನಿಮ್ಮ ಕೆಲಸ ಕೆಟ್ಟಾಗ ಯಾರು ತಪ್ಪು ಮಾಡಿದರು ಎಂದು ಹುಡುಕುವ ಮೊದಲು, ನೀವು ದಿನಾ ಮಾಡುವುದನ್ನೇ ಹೊಸಬರಿಗೆ ಹೇಳುವ ಹಾಗೆ ಒಂದು ಸಲ ಬಾಯಿ ಬಿಟ್ಟು ಹೇಳಿಕೊಳ್ಳಿ. ಎದುರಿನವರು ಕೇಳಿದರೆ ನಗುತ್ತಾರೇನೋ ಎಂದು ನಾಚಬೇಡಿ. ನನ್ನಂಥ ನಾಚಿಕೆಯವಳೇ ಹೇಳುತ್ತಿದ್ದೇನೆ.

ಈ ಹಾಳೆಗಳ ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ, ಅಲ್ಲಲ್ಲಿ ಹೊಡೆದುಹಾಕಿ ಬರೆದಿದ್ದೇನೆ. ಆದರೂ ರದ್ದಿಗೆ ಹಾಕಬೇಡಿ. ನಿಮ್ಮ ಶಾಲೆಯ ಸರ್ಟಿಫಿಕೇಟುಗಳನ್ನು ಅಮ್ಮ ಇಟ್ಟಿರುವ ಫೈಲಿನಲ್ಲೇ ಇವನ್ನೂ ಸೇರಿಸಿಡಿ. ನೆನೆಯದಂತೆ ನೋಡಿಕೊಳ್ಳಿ.

ನಿಮ್ಮ ಅಜ್ಜಿ,
ಜಯಮ್ಮ